ಎದುರು ಕೂತವರ ಮುಖ

ರಾಮಾಪುರ
ನವೆಂಬರ್ 4, 2024

ಯಶೋದಾ,

ನನ್ನ ಕೈಬರಹ ನೋಡಿ ನಗಬೇಡ. ಅಂಗನವಾಡಿ ರಿಜಿಸ್ಟರಿನಲ್ಲಿ ಮಕ್ಕಳ ತೂಕ ಬರೆದದ್ದು ಬಿಟ್ಟರೆ ನಾನು ಬೇರೇನೂ ಬರೆದವಳಲ್ಲ. ಗಂಟಲಿನ ಗಂಟು ತೆಗೆದಾಯಿತು, ಕೆಟ್ಟದ್ದೇನೂ ಅಲ್ಲವಂತೆ. ಕೂಗಿ ಕೂಗಿ ನೀವೇ ಬೆಳೆಸಿಕೊಂಡದ್ದು ಎಂದರು ಡಾಕ್ಟರು. ಮಾತು ಬೇಡ, ಪಿಸುಮಾತಂತೂ ಬೇಡವೇ ಬೇಡ, ಹಾಡಿನ ವಿಷಯ ಬೇಸಿಗೆಗೆ ನೋಡೋಣ ಎಂದಿದ್ದಾರೆ. ಫೋನ್ ಕೈಗೆ ಬಂದರೆ ನನ್ನ ಬಾಯಿ ತಡೆಯುವುದಿಲ್ಲವೆಂದು ನಿನ್ನ ಭಾವ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. “ಮದ್ವೆಯಾಗಿ ಇಷ್ಟು ವರ್ಸಕ್ಕೆ ಇವತ್ತು ನನ್ ಮಾತು ನಂಗೇ ಕೇಳ್ತಾ ಅದೆ” ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಇರಲಿ. ನನಗೂ ಬಾಯಿ ಬರುತ್ತದೆ.

ಕೋಮಲಳ ವೀಳ್ಯಶಾಸ್ತ್ರಕ್ಕೆ ನಾನು ಬರುವಂತಿಲ್ಲ. ಬಂದರೆ ಹಾಡದೆ ಇರಲಾರೆ. ಆದ್ದರಿಂದ ಬೀಗರ ಪದವನ್ನು ನೀನೇ ಎತ್ತಬೇಕು. ಹೆಣ್ಣಿನ ತಾಯಿ ಎತ್ತಬಾರದು ಅಂತೇನೂ ಇಲ್ಲ, ನಮ್ಮವ್ವ ನನ್ನ ಮದುವೆಯಲ್ಲಿ ಎತ್ತಿದ್ದಳು. ಸೋಬಾನೆಯನ್ನು ಯಾರು ಬೇಕಾದರೂ ಹೇಳಿಯಾರು. ಆದರೆ ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಹಂಗಿಸಿ ಹಾಡದಿದ್ದರೆ ಅವರು ಊರಿಗೆ ಹೋಗಿ ಏನನ್ನುತ್ತಾರೆ? ‘ಸಪ್ಪೆ ಮನೆ, ನಮ್ಮನ್ನು ಆಡಿಕೊಳ್ಳುವಷ್ಟು ಸಲಿಗೆಯೂ ಇಲ್ಲ’ ಅನ್ನುತ್ತಾರೆ. ಹಿಂದಿನಿಂದ ಕೊನೇ ಸಾಲು ತಿರುಗಿಸಿ ಸೊಲ್ಲು ಹಿಡಿಯುವುದಕ್ಕೆ ಚಿಕ್ಕನಿಂಗಮ್ಮ, ಉಳಿದ ಹೆಂಗಸರು ಇದ್ದೇ ಇರುತ್ತಾರೆ. ನೀನು ಇಷ್ಟು ವರ್ಷ ನನ್ನ ಪಕ್ಕ ಕೂತು ಸೊಲ್ಲು ಕೊಟ್ಟವಳು. ನನಗೆ ಮರೆತ ಪದವೂ ನಿನಗೆ ನೆನಪಿದೆ.

ಆಗುವುದಿಲ್ಲ ಎಂದು ಬರೆಯಬೇಡ.

ಸದ್ಯಕ್ಕೆ ಬಾಯಿಲ್ಲದ ನಿನ್ನ ಅಕ್ಕ,
ಮಹದೇವಿ


ಹೊನ್ನೂರು
ನವೆಂಬರ್ 13, 2024

ಅಕ್ಕ,

ಆಗುವುದಿಲ್ಲ ಎಂದು ಬರೆಯುತ್ತಿಲ್ಲ. ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ಬರೆಯುತ್ತಿದ್ದೇನೆ.

ನಾನು ದಿನವೂ ನಲವತ್ತು ಮಕ್ಕಳ ಮುಂದೆ ನಿಲ್ಲುವವಳು ನಿಜ. ಆದರೆ ಬೆಲ್ ಹೊಡೆಯುವ ತನಕ ಅವು ಎದ್ದು ಹೋಗುವಂತಿಲ್ಲ. ಬೀಗರು ಹಾಗಲ್ಲ.

ಅಜ್ಜೀಪುರದ ಆ ಮದುವೆಯನ್ನೇ ಯೋಚಿಸುತ್ತಿದ್ದೇನೆ. ಗಂಡಿನ ಚಿಕ್ಕಪ್ಪನ ಮುಂದೆ ಕತ್ತು ಕೊಂಕಿಸಿ ನೀನು,

ಬೀಗರ ಮೀಸೆ ಬಿದಿರಿನ ಪೊರಕೆ
ಅಂಗಳ ಗುಡಿಸಿ ಬಂದವೆ – ಆ ಧೂಳು
ನಮ್ಮನೆ ಚಾಪೆ ಮ್ಯಾಲದೆ

ಎಂದೆ. ಆ ಮನುಷ್ಯನಿಗೆ ಮೀಸೆಯೇ ಇರಲಿಲ್ಲ. ಬೆಳಿಗ್ಗೆ ತಾನೇ ಬೋಳಿಸಿಕೊಂಡು ಬಂದ ಮುಖ. ಜನ ಬಿದ್ದು ಬಿದ್ದು ನಕ್ಕರು, ಆತನೂ ಇಲ್ಲದ ಮೀಸೆಯನ್ನು ತಿರುವಿದ. ಮನೆಗೆ ಬಂದ ಮೇಲೆ ಆ ಪದವನ್ನು ನಾನು ಅಡುಗೆಮನೆಯಲ್ಲಿ ಒಬ್ಬಳೇ ಹೇಳಿ ನೋಡಿದ್ದೆ. ನಗುವಂಥದ್ದೇನೂ ಕಾಣಲಿಲ್ಲ. ಪದದಲ್ಲಿ ಇಲ್ಲದ ನಗು ಎಲ್ಲಿತ್ತು? ನಿನ್ನ ಕತ್ತಿನಲ್ಲಿತ್ತೆ? ಅಥವಾ ಮಹದೇವಿ ಹಾಡುತ್ತಾಳೆ ಎಂದಮೇಲೆ ನಗಬೇಕು ಎಂದು ಅವರು ಮನೆಯಿಂದಲೇ ತಯಾರಾಗಿ ಬಂದಿದ್ದರೋ?

ಇನ್ನೊಂದು ಕೇಳಬೇಕು. ಹಾಡುವಾಗ ನೀನು ಎಲ್ಲಿ ನೋಡುತ್ತೀಯ? ಪಕ್ಕದಲ್ಲಿ ಕೂತ ನನಗೆ ಯಾವಾಗಲೂ ನಿನ್ನ ಕಿವಿಯ ಓಲೆ ಮಾತ್ರ ಕಾಣುತ್ತಿತ್ತು.

ಕೊಳ್ಳೇಗಾಲದಿಂದ ಎರಡು ಟೆಂಪೊ ಜನ ಬರುತ್ತಾರಂತೆ. ಹುಡುಗ ಮಾದೇವನಿಗೆ ತಂದೆ ಇಲ್ಲವಲ್ಲ, ಎಲ್ಲ ಮಾತೂ ಸೋದರಮಾವ ಪುಟ್ಟರಾಜು ಅವರದು. ರೇಷ್ಮೆ ಸೀರೆ ಅಂಗಡಿಯ ಗಲ್ಲಾದಲ್ಲಿ ಕೂರುವವರೂ ಅವರೇ. ತಾಯಿ ಗೋವಿಂದಮ್ಮ ಮಾತಾಡುವುದು ಕಡಿಮೆ. ಹೆಣ್ಣು ನೋಡಲು ಬಂದ ದಿನ ಕಾಫಿ ಬೇಡ ಎಂದವರು ಅವರೊಬ್ಬರೇ.

ಕೋಮಲ ಈಗ ಫೋನ್ ಬಂದರೆ ಹಿತ್ತಿಲಿಗೆ ಹೋಗುತ್ತಾಳೆ. ಒಳಗೆ ಬರುವಾಗ ಮುಖವನ್ನು ಸರಿಮಾಡಿಕೊಂಡು ಬರುತ್ತಾಳೆ.

ಗಂಟಲು ನೋಡಿಕೊ.

ನಿನ್ನ,
ಯಶೋದ


ರಾಮಾಪುರ
ನವೆಂಬರ್ 20, 2024

ಲೇ ಯಶೋದಾ,

ಎಲ್ಲಿ ನೋಡುತ್ತೀಯ ಅಂದರೆ ಏನು ಹೇಳಲಿ? ಊಟ ಮಾಡುವಾಗ ನಾಲಿಗೆ ಎಲ್ಲಿಡುತ್ತೀಯ ಅಂತ ಕೇಳಿದ ಹಾಗಾಯಿತು. ನೀನು ಕೇಳಿದ ಮೇಲೆ ಊಟ ಮಾಡುವಾಗ ನಾಲಿಗೆಯೂ ಕಚ್ಚಿಕೊಂಡಿತು.

ಜನ ಇರುತ್ತಾರೆ, ನಾನು ಹಾಡುತ್ತೇನೆ. ಅಷ್ಟೇ. ಜಾಸ್ತಿ ಯೋಚಿಸಬೇಡ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊ, ತೊಡೆ ತಟ್ಟು, ಮೊದಲನೆಯ ಪದ ಜೋರಾಗಿ ಎತ್ತು. ಎದುರಿಗೆ ಯಾರು ಕೂತಿರುತ್ತಾರೋ ಅವರನ್ನು ಹಿಡಿದುಕೊ. ಕೂತವರ ಬಟ್ಟೆ, ಬರೆ, ಮೂಗು, ಮುಸುಡಿ, ಏನಾದರೊಂದು ಸಿಕ್ಕೇ ಸಿಗುತ್ತದೆ. ಪದ ಕಟ್ಟುವುದರಲ್ಲಿ ನೀನೇ ನನಗಿಂತ ಮೇಲು, ನನ್ನ ಎಷ್ಟೋ ಪದಕ್ಕೆ ಕೊನೇ ಸಾಲು ನಿನ್ನದೇ.

ನಿನ್ನ ಭಾವನಿಗೆ ಒಂದು ವಿಷಯ ಗೊತ್ತಾಗಿದೆ. ನಾನು ಮಾತಾಡದಿದ್ದರೆ ಮನೆಗೆ ಯಾರೂ ಬರುವುದಿಲ್ಲ. ಕಾಫಿಪುಡಿ ಉಳಿಯುತ್ತಿದೆಯಂತೆ.

ಮಹದೇವಿ


ಹೊನ್ನೂರು
ಡಿಸೆಂಬರ್ 4, 2024

ಅಕ್ಕ,

ನೀನು ಬೇರೆಯವರ ಬಾಯಲ್ಲಿ ಕೇಳುವ ಮೊದಲು ನಾನೇ ಬರೆಯಬೇಕು.

ಶಾಮಿಯಾನದ ಕೆಳಗೆ ಜಮಖಾನ ಹಾಸಿದ್ದೆವು. ಒಂದು ಕಡೆ ಅವರ ಹೆಂಗಸರು, ಎದುರಿಗೆ ನಾವು. ತಾಂಬೂಲದ ತಟ್ಟೆಗಳು ನಡುವೆ ಇದ್ದವು, ಬದಲಾಯಿಸುವುದಕ್ಕೆ ಇನ್ನೂ ಹೊತ್ತಿತ್ತು. ಚಿಕ್ಕನಿಂಗಮ್ಮ ಮೊಣಕೈಯಿಂದ ತಿವಿದಳು. “ಎತ್ತವ್ವ, ನಿಮ್ಮಕ್ಕ ಇದ್ದಿದ್ರೆ ಇಷ್ಟೊತ್ಗೆ ಅವರ ಮೂರು ತಲೆಮಾರು ಮುಗಿಸ್ತಿದ್ಲು.”

ನೀನು ಹೇಳಿದಂತೆ ಎದುರಿಗೆ ಇದ್ದವರನ್ನು ಹಿಡಿದುಕೊಂಡೆ. ಎದುರಿಗೆ ಗೋವಿಂದಮ್ಮ ಇದ್ದರು. ಬಂದಾಗಿನಿಂದ ಅವರು ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದರು. ಎಲೆ ಅಡಿಕೆ ಕೊಡುವಾಗಲೂ ಸೆರಗಿನ ತುದಿಯಲ್ಲೇ ತೆಗೆದುಕೊಂಡರು. ನನಗೆ ಅದೊಂದೇ ಕಾಣುತ್ತಿತ್ತು. ಪದ ತಾನಾಗಿ ಬಂತು.

ಬೀಗಿತಮ್ಮ ಬಂದವಳೆ ಸೆರಗಲ್ಲಿ ಕೈ ಮುಚ್ಚಿ
ಕೈಯಲ್ಲೇನದೆ ತೋರಮ್ಮ – ನಮ್ ಕೂಸಿಗೆ
ಬಂಗಾರ ತಂದೆಯಾ, ಬರಿಗೈಯಾ?

ಹೆಂಗಸರು ಸೊಲ್ಲು ಕೊಟ್ಟರು. ಸೊಲ್ಲು ನಡುವೆಯೇ ಸಣ್ಣಗಾಯಿತು. ಗೋವಿಂದಮ್ಮನ ಮುಖದಲ್ಲಿ ಏನೂ ಕದಲಲಿಲ್ಲ. ಸೆರಗಿನೊಳಗೆ ಕೈಗಳು ಇನ್ನೂ ಒಳಕ್ಕೆ ಹೋದವು, ಅಷ್ಟೇ. ಗಂಡಸರ ಸಾಲಿನಿಂದ ಪುಟ್ಟರಾಜು ಎದ್ದು ಬಂದರು.

“ಏನಮ್ಮಾ, ಏನಂದ್ರಿ? ನಮ್ಮಕ್ಕನ ಕೈ ಸುದ್ದಿ ಯಾಕ್ ನಿಮ್ಗೆ?”

“ಅಯ್ಯೋ ಅಣ್ಣ, ಬೀಗರ ಪದ ಕಣಣ್ಣ” ಎಂದಳು ಚಿಕ್ಕನಿಂಗಮ್ಮ. “ಇದ್ಕೆಲ್ಲ ಕ್ವಾಪ ಮಾಡ್ಕಂಡ್ರೆ ಎಂಗೆ? ನೀವೂ ನಮ್ಮೇಲೆ ಒಂದು ಎತ್ತಿ, ಸರಿಗೆ ಸರಿ ಆಯ್ತದೆ.”

“ಪದ ನಾವೂ ಕೇಳಿವಿ ಕಣವ್ವ. ಇದು ಪದ ಅಲ್ಲ. ನೋಡ್ಕಂಡು ಹೇಳಿದ್ದು.”

ನಾನು ಎದ್ದು ನಿಂತೆ. ನೀನಾಗಿದ್ದರೆ ಆ ಹೊತ್ತಿಗೆ ಇನ್ನೊಂದು ಪದ ಎತ್ತಿ ಎಲ್ಲವನ್ನೂ ತೇಲಿಸಿಬಿಡುತ್ತಿದ್ದೆ. ನಾನು ತರಗತಿಯಲ್ಲಿ ನಿಂತ ಹಾಗೆ ನಿಂತಿದ್ದೆನಂತೆ. ಅವರು ಊಟ ಮಾಡಲಿಲ್ಲ. ತಟ್ಟೆ ಬದಲಾಗಲಿಲ್ಲ. ಟೆಂಪೊ ಹೊರಟಾಗ ಮಾದೇವ ಕಿಟಕಿಯಲ್ಲಿ ಕೂತು ಕೋಮಲಳನ್ನು ನೋಡುತ್ತಿದ್ದ. ಅವಳು ನನ್ನನ್ನು ನೋಡುತ್ತಿದ್ದಳು.

ಅವರ ಕಡೆಯಿಂದ ಇನ್ನೂ ಯಾವ ಮಾತೂ ಇಲ್ಲ. ಕೋಮಲ ನನಗೆ ಬೇಕಾದಷ್ಟೇ ಉತ್ತರ ಕೊಡುತ್ತಾಳೆ. ನಿನ್ನೆ ಒಂದು ಮಾತು ಹೇಳಿದಳು: “ದೊಡ್ಡವ್ವ ಬರೋಗಂಟ ಕಾಯಬೈದಿತ್ತು.”

ನನಗೆ ಒಂದೇ ತಿಳಿಯುತ್ತಿಲ್ಲ. ಆ ಪದದಲ್ಲಿ ಬೈಗುಳ ಎಲ್ಲಿದೆ?

ಯಶೋದ


ರಾಮಾಪುರ
ಡಿಸೆಂಬರ್ 12, 2024

ಯಶೋದಾ,

ಕಾಗದ ಓದಿ ನಾನು ಕೂಗಿಬಿಟ್ಟೆ. ನಿಜವಾಗಿ ಕೂಗಿದೆ. ಗಂಟಲಲ್ಲಿ ರಕ್ತದ ರುಚಿ ಬಂತು. ನಿನ್ನ ಭಾವ ಹನೂರಿಗೆ ಕರೆದುಕೊಂಡು ಹೋಗಿ ತೋರಿಸಿದರು, ಅಲ್ಲಿನ ಡಾಕ್ಟರು ಮೊದಲಿಂದ ಮೌನ ಶುರುಮಾಡಿ ಎಂದರು. ಎಲ್ಲ ನಿನ್ನಿಂದ.

ಬೈಗುಳ ಎಲ್ಲಿದೆ ಎಂದು ನಾನೂ ಹುಡುಕಿದೆ, ಸಿಗಲಿಲ್ಲ. ನಾನು ಇದಕ್ಕಿಂತ ಹತ್ತು ಪಾಲು ಕೆಟ್ಟದ್ದು ಹಾಡಿದ್ದೇನೆ. ಯಳಂದೂರಿನ ಬೀಗಿತಿಯೊಬ್ಬಳಿಗೆ ‘ನೀನು ಗಂಡನನ್ನು ಸಂತೆಯಲ್ಲಿ ಚೌಕಾಸಿ ಮಾಡಿ ತಂದೆ’ ಅಂದಿದ್ದೆ. ಅವಳು ನನಗೆ ತನ್ನ ಎಲೆಚೀಲವನ್ನೇ ಕೊಟ್ಟಳು. ಅದೇ ನಿನ್ನ ಪದ ನನ್ನ ಬಾಯಲ್ಲಿ ಬಂದಿದ್ದರೆ ಆ ಪುಟ್ಟರಾಜು ಕುಣಿಯುತ್ತಿದ್ದ. ಜನ ನನ್ನ ಕೈಲಿ ಬೈಸಿಕೊಳ್ಳಲು ಬರುತ್ತಾರೆ ಕಣೆ. ಅದೇನೋ ಒಂದು ಇದೆ ನನ್ನಲ್ಲಿ. ನಿನ್ನಲ್ಲಿ ಇಲ್ಲ ಅಂತ ಅಲ್ಲ. ಇಲ್ಲ ಅಂತಲೇ ಇಟ್ಟುಕೊ.

ನೀನು ಕೊಳ್ಳೇಗಾಲಕ್ಕೆ ಹೋಗು. ತಮ್ಮನ ಹತ್ತಿರ ಬೇಡ, ಅಕ್ಕನ ಹತ್ತಿರ ಹೋಗು. ನಿನ್ನ ಯಜಮಾನರನ್ನು ಕರೆದುಕೊಂಡು ಹೋಗಬೇಡ, ಗಂಡಸರು ಹೋದರೆ ಪಂಚಾಯ್ತಿ ಆಗುತ್ತದೆ. ಹೇಗೂ ಶೂನ್ಯಮಾಸ ಬರುತ್ತಿದೆ, ಆಮೇಲೆ ಒಂದು ತಿಂಗಳು ಯಾರೂ ಶುಭದ ಮಾತು ಎತ್ತುವುದಿಲ್ಲ. ಅಷ್ಟರೊಳಗೆ ಹೋಗು.

ಹೋಗಿ ಬಂದದ್ದನ್ನು ಪೂರ್ತಿ ಬರೆ. ಅರ್ಧಂಬರ್ಧ ಬರೆದರೆ ಮತ್ತೆ ಕೂಗುತ್ತೇನೆ.

ಮಹದೇವಿ


ಹೊನ್ನೂರು
ಡಿಸೆಂಬರ್ 24, 2024

ಅಕ್ಕ,

ಹೋಗಿ ಬಂದೆ.

ಶಾಲೆಗೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೋದೆ. ಪುಟ್ಟರಾಜು ಅಂಗಡಿಗೆ ಹೋಗಿದ್ದರು, ಮಾದೇವನೂ ಇರಲಿಲ್ಲ. ಗೋವಿಂದಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ಬನ್ನಿ” ಎಂದರು. ಒಳಗೆ ಕರೆದು ಕೂರಿಸಿದರು. ಕಾಫಿ ಮಾಡಿ ತಂದರು. ಲೋಟ ಕೊಡುವಾಗ ಕೈ ಮುಚ್ಚಿಕೊಳ್ಳಲಿಲ್ಲ. ಬೇಕೆಂದೇ ಮುಚ್ಚಿಕೊಳ್ಳಲಿಲ್ಲ ಎಂದು ನನಗೆ ಕಂಡಿತು.

ಬೆರಳ ತುದಿಗಳು ಬೆಂದು ಬಿಳುಚಿ ಸೀಳು ಬಿಟ್ಟಿವೆ. ಎರಡು ಉಗುರು ಇಲ್ಲ. ಗಂಡ ಸತ್ತ ಮೇಲೆ ಹದಿನಾರು ವರ್ಷ ಪರರ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸುವ ಬಿಸಿನೀರಿನೊಳಗೆ ಬೆರಳಾಡಿಸಿ ನೂಲಿನ ಎಳೆ ಹಿಡಿದ ಕೈ ಅದು. ಆ ಕೂಲಿಯಲ್ಲಿ ತಮ್ಮನನ್ನು ಓದಿಸಿ, ಮಗನನ್ನು ಸಾಕಿ, ಕೊನೆಗೆ ಅಂಗಡಿ ಆಯಿತು. ಅಂಗಡಿ ಆದಮೇಲೆ ತಮ್ಮನೇ ಹೇಳಿದರಂತೆ, ನಾಲ್ಕು ಜನರ ಮುಂದೆ ಕೈ ಸ್ವಲ್ಪ ಒಳಗಿಟ್ಟುಕೊ ಅಕ್ಕ ಎಂದು. ಗೋವಿಂದಮ್ಮನಿಗೆ ಅದರ ಬಗ್ಗೆ ಕೋಪವಿಲ್ಲ. “ಅವ್ನೂ ಪಾಪ, ಯಾಪಾರ ಮಾಡೋನು” ಎಂದರು.

ನಾನು, “ನನಗೆ ಗೊತ್ತಿರಲಿಲ್ಲ ಗೋವಿಂದಮ್ಮ” ಎಂದೆ.

“ಗೊತ್ತಿರ್ನಿಲ್ಲ ಅನ್ನೋದು ನಂಗೊತ್ತು ಕಣ್ರಿ. ಅದ್ಕೇ ಕೇಳ್ತಿನಿ. ಅಷ್ಟು ಜನ್ರಲ್ಲಿ ನನ್ ಕೈಯೇ ಎಂಗೆ ಕಂಡ್ತು ನಿಮ್ಗೆ?”

ಬಾಯಿಗೆ ಬಂದದ್ದನ್ನು ಹೇಳಿದೆ. “ನಾನೂ ಏನಾದರೂ ಬಚ್ಚಿಟ್ಟುಕೊಂಡೇ ಕೂರುವವಳು. ಬಚ್ಚಿಟ್ಟುಕೊಂಡವರು ನನಗೆ ಬೇಗ ಕಾಣುತ್ತಾರೆ.”

“ನೀವೇನ್ ಬಚ್ಚಿಟ್ಕತೀರಿ?”

“ಅದನ್ನು ಯಾರೂ ಇದುವರೆಗೆ ಕೇಳಿಲ್ಲ” ಎಂದೆ. ಅವರು ನಕ್ಕರು ಎಂದು ಹೇಳಲಾರೆ. ಲೋಟ ತೆಗೆದುಕೊಂಡು ಹೋಗುವಾಗ ಬೆನ್ನು ಸ್ವಲ್ಪ ಅಲುಗಿತು.

ಮದುವೆಯ ಮಾತನ್ನು ನಾನೇ ಎತ್ತಿದೆ. “ಮಗ ಊಂ ಅಂತಾನೆ. ತಮ್ಮ ಊಹೂಂ ಅಂತಾನೆ. ನಂದು ನಂಗೇ ಗೊತ್ತಿಲ್ಲ. ಸಂಕ್ರಾಂತಿ ಕಳೀಲಿ” ಎಂದರು.

ಬಸ್ಸಿನಲ್ಲಿ ಬರುವಾಗ ನಿನ್ನನ್ನೇ ಯೋಚಿಸುತ್ತಿದ್ದೆ. ನಿನ್ನ ಕಾಗದದಲ್ಲಿ ಇರುವುದೆಲ್ಲ ನಿಜ, ನಿನ್ನ ಬಾಯಲ್ಲಿ ಬಂದಿದ್ದರೆ ಅವರು ನಗುತ್ತಿದ್ದರು. ಆದರೆ ನಿನ್ನ ಬಾಯಲ್ಲಿ ಆ ಪದ ಬರುತ್ತಲೇ ಇರಲಿಲ್ಲ ಅಕ್ಕ. ನೀನು ಆ ಕೈಯನ್ನು ನೋಡುತ್ತಿರಲಿಲ್ಲ. ಮೀಸೆ ಇಲ್ಲದವನಿಗೆ ಮೀಸೆ ಹಚ್ಚುವವಳು ನೀನು. ನಿನ್ನೆದುರು ಕೂತವರು ನಿಶ್ಚಿಂತೆಯಾಗಿ ಇರುತ್ತಾರೆ, ಯಾಕೆಂದರೆ ನೀನು ಬೈಯುವುದು ಅವರನ್ನಲ್ಲ ಎಂದು ಅವರಿಗೆ ಗೊತ್ತು. ನೀನು ಯಾರನ್ನೂ ನೋಡುವುದೇ ಇಲ್ಲ. ಅದಕ್ಕೇ ನಿನ್ನನ್ನು ಕಂಡರೆ ಅಷ್ಟು ಪ್ರೀತಿ.

ಇದು ಸರಿಯೋ ತಪ್ಪೋ ಗೊತ್ತಿಲ್ಲ. ತಿಳಿಯಬೇಕು ಅನ್ನಿಸುತ್ತಿದೆ, ಅಷ್ಟೇ. ನಿನಗೆ ಏನನ್ನಿಸುತ್ತದೆ ಬರೆ.

ಯಶೋದ


ರಾಮಾಪುರ
ಜನವರಿ 30, 2025

ಯಶೋದಾ,

ಬರೆಯುವುದು ತಡವಾಯಿತು. ಹುರುಳಿ ಕಿತ್ತೆವು. ಆನೆ ಬಂದು ಬೇಲಿ ಮುರಿದು ಹೋಯಿತು, ಹಲಸಿನ ಮರದ ತನಕ ಬಂದು ಏನು ಅನ್ನಿಸಿತೋ ವಾಪಸು ಹೋಯಿತು. ನಿನ್ನ ಭಾವನಿಗೆ ನೆಗಡಿ. ಸಂಕ್ರಾಂತಿಗೆ ಕಳಿಸಿದ ಎಳ್ಳು ಬೆಲ್ಲ ತಲುಪಿತು.

ನಿನ್ನ ಕಾಗದ ಸಿಟ್ಟು ಬರಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬರಿಸಲಿಲ್ಲ ಎಂದು ಬರೆದರೂ ಅಷ್ಟೇ.

ಅಂಗನವಾಡಿಯ ಒಂದು ಸಂಗತಿ ಹೇಳುತ್ತೇನೆ. ಮೊದಲೆಲ್ಲ ನಾನು ಒಂದು ಕೂಗು ಹಾಕಿದರೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದವು. ಈಗ ಕೂಗುವಂತಿಲ್ಲ. ಸುಮ್ಮನೆ ಕೂತಿರುತ್ತೇನೆ. ಅವು ಹತ್ತಿರ ಬಂದು ನನ್ನ ಬಾಯನ್ನೇ ನೋಡುತ್ತವೆ. ಒಂದು ಸೋಲಿಗರ ಹುಡುಗಿ ಇದೆ, ಕೇತಮ್ಮ ಅಂತ. ಎರಡು ವರ್ಷದಿಂದ ಬರುತ್ತಿದೆ. ಅದಕ್ಕೆ ಎಡಗಿವಿ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಹೋದ ವಾರ. ಎರಡು ವರ್ಷ ನಾನು ಜೋರಾಗಿ ಕೂಗುತ್ತಿದ್ದೆನಲ್ಲ, ಅದಕ್ಕೂ ಕೇಳುತ್ತಿತ್ತು.

ಹೋದ ಭಾನುವಾರ ಅಜ್ಜೀಪುರದಲ್ಲಿ ಒಂದು ಮದುವೆ. ಹಾಡುವುದಕ್ಕೆ ಬೇರೆ ಮೇಳದವರು ಬಂದಿದ್ದರು. ಕೇಳುವುದಕ್ಕೆ ಅಂತ ನಾನು ಮದುವೆಗೆ ಹೋದದ್ದು ಹುಟ್ಟಿದಮೇಲೆ ಇದೇ ಮೊದಲು. ಸಾಲಿನಲ್ಲಿ ಕೂತೆ. “ಏನ್ ಮಾದೇವಕ್ಕ, ಬಾಯಿ ಬಂದ್ ಆಯ್ತಂತೆ? ಊರಿಗೆ ಒಳ್ಳೆ ಮಳೆ ಬೆಳೆ ಆಯ್ತದೆ ಬುಡು” ಎಂದ ಒಬ್ಬ. ಎಲ್ಲರೂ ನಕ್ಕರು. ನನಗೆ ತಿರುಗಿ ಕೊಡಲು ಬಾಯಿಲ್ಲ. ಸ್ವಲ್ಪ ಹೊತ್ತಿಗೆ ಅವರು ನನ್ನನ್ನು ಮರೆತರು.

ನೀನು ಬರೆದದ್ದು ಅರ್ಧ ಸರಿ. ನಾನು ನೋಡುತ್ತಿರಲಿಲ್ಲ. ಆದರೆ ಅವರಿಗೆ ಗೊತ್ತಿತ್ತು, ಅದಕ್ಕೆ ಪ್ರೀತಿ ಎಂದೆಯಲ್ಲ, ಅದು ನನಗೆ ಇನ್ನೂ ಸರಿಯಾಗಿ ಇಳಿದಿಲ್ಲ. ಪ್ರೀತಿ ಅಂತಾದರೆ ಯಾರ ಮೇಲೆ?

ಗೋವಿಂದಮ್ಮನ ಕಡೆಯಿಂದ ಏನಾದರೂ ತಿಳಿಯಿತೆ? ಕೋಮಲ ಹೇಗಿದ್ದಾಳೆ? ಅದನ್ನು ಮೊದಲು ಕೇಳಬೇಕಿತ್ತು.

ಅಕ್ಕ


ಹೊನ್ನೂರು
ಫೆಬ್ರವರಿ 9, 2025

ಅಕ್ಕ,

ಒಪ್ಪಿದರು.

ಮೊನ್ನೆ ಗೋವಿಂದಮ್ಮ ತಮ್ಮನನ್ನು ಕರೆದುಕೊಂಡು ತಾವೇ ಬಂದಿದ್ದರು. ಶಾಮಿಯಾನ ಇಲ್ಲ, ಜಮಖಾನ ಇಲ್ಲ, ನಡುಮನೆಯಲ್ಲಿ ತಟ್ಟೆ ಬದಲಾಯಿತು. ಮಾರ್ಚ್ 2ಕ್ಕೆ ಕೊಳ್ಳೇಗಾಲದ ಛತ್ರದಲ್ಲಿ ಮದುವೆ. ಪುಟ್ಟರಾಜು ಒಂದು ಮಾತು ಹಾಕಿದರು. “ಸೋಬಾನೆ ಯೋಳ್ಕಳಿ, ಆರತಿ ಪದ ಯೋಳ್ಕಳಿ. ಬೀಗರ ಪದ ಮಾತ್ರ ಬ್ಯಾಡ. ಹೆಣ್ಣಿನ ತಾಯಿ ಬಾಯಿಂದ ಒಂದು ಸೊಲ್ಲೂ ಬರಕೂಡ್ದು.” ನಮ್ಮನೆಯವರು ಕೂಡಲೇ ಆಗಲಿ ಎಂದರು. ನಾನೂ ಆಗಲಿ ಎಂದೆ. ಗೋವಿಂದಮ್ಮ ಏನೂ ಹೇಳಲಿಲ್ಲ. ಅವರನ್ನು ಒಪ್ಪಿಸಿದ್ದು ಯಾವುದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಚಿಕ್ಕನಿಂಗಮ್ಮನಿಗೆ ಹೇಳಿದಾಗ ಎಲೆ ಉಗಿದು, “ಬೀಗರ ಪದ ಇಲ್ದ ಮದ್ವೆಯಾ? ತಿಥಿಗಾದ್ರೂ ಕರೀರವ್ವ, ಬತ್ತಿನಿ” ಎಂದು ಎದ್ದುಹೋದಳು. ಕೋಮಲ ಮಾತ್ರ ಬಂದು ನನ್ನ ಪಕ್ಕ ಕೂತಳು. ನನಗೆ ಅದು ಸಾಕಾಯಿತು.

ನೀನು ಬರಬೇಕು. ಇಬ್ಬರೂ ಬಾಯಿ ಮುಚ್ಚಿಕೊಂಡು ಕೂರೋಣ.

ಯಶೋದ


ಹೊನ್ನೂರು
ಮಾರ್ಚ್ 8, 2025

ಅಕ್ಕ,

ನೀನು ಮದುವೆಯ ದಿನವೇ ಬಸ್ಸು ಹತ್ತಿ ಹೊರಟುಬಿಟ್ಟೆ. ನಿನ್ನ ಹತ್ತಿರ ಒಂದು ಕೇಳುವುದಿತ್ತು.

ಧಾರೆ ಆದಮೇಲೆ ಎರಡು ಕಡೆಯ ಹೆಂಗಸರು ಎದುರು ಬದುರು ಕೂತದ್ದು ನೆನಪಿದೆ. ಯಾರೂ ಯಾರ ಮೇಲೂ ಏನೂ ಎತ್ತದೆ, ಫ್ಯಾನಿನ ಸದ್ದು ಕೇಳುತ್ತಿತ್ತು. ಗೋವಿಂದಮ್ಮ ಗಂಟಲು ಸರಿಮಾಡಿಕೊಂಡದ್ದು ನೆನಪಿದೆ. ಮೊದಲನೆಯ ಸಾಲು ನೆನಪಿದೆ. ಅಲ್ಲಿಂದ ಮುಂದೆ ನನಗೆ ಸರಿಯಾಗಿ ಏನೂ ನೆನಪಿಲ್ಲ. ನಮ್ಮನೆಯವರು ನಾನು ಅತ್ತುಬಿಟ್ಟೆ ಅನ್ನುತ್ತಾರೆ. ಬರುವುದಿಲ್ಲ ಎಂದ ಚಿಕ್ಕನಿಂಗಮ್ಮ ಕೊನೆಗೆ ಬಂದಿದ್ದಳಲ್ಲ, ಅವಳು ನಾನು ನಕ್ಕೆ ಅನ್ನುತ್ತಾಳೆ. ಕೋಮಲ “ನಿಂಗೇ ಗೊತ್ತಿಲ್ವಾ?” ಎಂದು ನನ್ನನ್ನೇ ಕೇಳುತ್ತಾಳೆ. ವಿಡಿಯೋದವನು ಆ ಹೊತ್ತಿಗೆ ಊಟಕ್ಕೆ ಹೋಗಿದ್ದ.

ಇನ್ನೊಬ್ಬರು ನನ್ನನ್ನು ನೋಡಿ ಹಾಡಿದ್ದು ಅದೇ ಮೊದಲು. ಆಗ ನನ್ನ ಮುಖ ಹೇಗಿತ್ತೆಂದು ತಿಳಿಯಬೇಕು. ನೀನು ಎದುರಿಗೇ, ಕಂಬದ ಪಕ್ಕ ಕೂತಿದ್ದೆ.

ಯಶೋದ


ರಾಮಾಪುರ
ಮಾರ್ಚ್ 17, 2025

ಯಶೋದಾ,

ನೋಡಿದೆ. ಕಂಡಷ್ಟನ್ನು ಬರೆಯುತ್ತೇನೆ.

ಗೋವಿಂದಮ್ಮನ ದನಿ ಹಾಡಿನ ದನಿ ಅಲ್ಲ. ಕೊಡ ಕಲ್ಲಿನ ಮೇಲೆ ಎಳೆದ ಹಾಗಿತ್ತು. ಅವರ ಕಡೆಯವರೇ ಬೆಚ್ಚಿಬಿದ್ದರು. ಪುಟ್ಟರಾಜು ಓಡಿಬಂದು “ಅಕ್ಕಾ, ಏನಕ್ಕಾ ಇದು, ನಾವೇ ಬ್ಯಾಡ ಅಂದೋರು” ಅಂದರೆ, ಆಕೆ ಅವರ ಕಡೆ ತಿರುಗದೆ, “ನಾನ್ ಬ್ಯಾಡ ಅಂದಿಲ್ಲ ಕಣ್ಲಾ. ಅವರು ಒಂದು ಯೋಳವ್ರೆ, ನಾವಿನ್ನೂ ತಿರುಗ್ಸಿ ಯೋಳಿಲ್ಲ. ಸುಮ್ಕಿರು” ಎಂದಳು. ನಿನಗೆ ನೆನಪಿಲ್ಲ ಎಂದೆಯಲ್ಲ, ಪದ ಇದು:

ಹೆಣ್ಣೆತ್ತ ತಾಯ್ದೀರು ಕಣ್ಣೀರ ಸುರಿಸ್ತಾರೆ
ನಮ್ ಬೀಗಿತಿ ಮೇಷ್ಟ್ರಮ್ಮ – ಧಾರೇಲಿ
ಆಜರಿ ಕರಕೊಂಡು ಕೂತವ್ಳೆ

ಆಕೆಯೂ ನೋಡಿಯೇ ಹೇಳಿದ್ದು. ಧಾರೆಯ ಹೊತ್ತಿನಲ್ಲಿ ನೀನು ಅಳಲಿಲ್ಲ. ಯಾರು ಬಂದರು, ಯಾರು ಊಟಕ್ಕೆ ಹೋದರು, ಯಾರ ಮುಖ ಬಾಡಿದೆ ಎಂದು ಹಾಜರಿ ಕರೆಯುವ ಹಾಗೆ ಒಬ್ಬೊಬ್ಬರನ್ನೇ ನೋಡುತ್ತ ಕೂತಿದ್ದೆ.

ಪದ ಮುಗಿದಾಗ ನೀನು ಮೊದಲು ಹಿಂದಕ್ಕೆ ತಿರುಗಿ ನೋಡಿದೆ. ಮೇಷ್ಟ್ರಮ್ಮ ಅಂದರೆ ಬೇರೆ ಯಾರೋ ಇರಬೇಕು ಎನ್ನುವ ಹಾಗೆ. ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಿದೆ, ಅದು ಗಲ್ಲದ ತನಕ ಬಂದು ನಿಂತಿತು. ಕಿವಿ ಕೆಂಪಾದವು. ಆಮೇಲೆ ನಕ್ಕೆ. ನನಗೆ ಗೊತ್ತಿರುವ ನಿನ್ನ ನಗು ಅಲ್ಲ ಅದು, ನಮ್ಮವ್ವ ಹಾಗೆ ನಗುತ್ತಿದ್ದಳು. ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಇಳಿಯಿತು. ಅತ್ತೆ ಅಂದವರೂ ಸರಿ, ನಕ್ಕೆ ಅಂದವರೂ ಸರಿ.

ನೀರು ಕಂಡು ಗೋವಿಂದಮ್ಮ ಹೆದರಿದಳು. ಎರಡನೆಯ ಪದ ಬಾಯಲ್ಲೇ ನಿಂತಿತು. ಅವರ ಕಡೆಯ ಹೆಂಗಸರು ಸೊಲ್ಲು ಹಿಡಿಯುವುದೋ ಬಿಡುವುದೋ ತಿಳಿಯದೆ ಪುಟ್ಟರಾಜುವಿನ ಮುಖ ನೋಡುತ್ತಿದ್ದರು. ಆಕೆ ಒಬ್ಬಳೇ ಅಷ್ಟು ಜನರ ನಡುವೆ ಬಾಯಿ ತೆರೆದುಕೊಂಡು ಕೂತಳು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಆ ಹೆಂಗಸು ಮತ್ತೆ ಯಾವತ್ತೂ ನಾಲ್ಕು ಜನರ ಮುಂದೆ ಬಾಯಿ ತೆರೆಯುತ್ತಿರಲಿಲ್ಲ.

ಸೊಲ್ಲು ಕೊಟ್ಟವಳು ನೀನು. ‘ಆಜರಿ ಕರಕೊಂಡು ಕೂತವ್ಳೆ’ ಎಂದು, ನಿನ್ನ ಮೇಲಿನ ಪದಕ್ಕೆ ನೀನೇ. ನೀನು ಗೊತ್ತಿದ್ದು ಕೊಡಲಿಲ್ಲ, ಅದು ನನಗೆ ಕಂಡಿತು. ಹಾಡುವವಳು ನಿಂತರೆ ಎತ್ತಿಹಿಡಿಯುವುದು ನಿನ್ನ ಬಾಯಿಗೆ ರೂಢಿ. ಪುಟ್ಟರಾಜು, “ಅಲ್ಲ, ಇವಮ್ಮನ ಬಾಯಿಂದ ಒಂದು ಸೊಲ್ಲೂ ಬರಕೂಡ್ದು ಅಂತ ಮಾತಾಗಿತ್ತಲ್ಲ” ಎಂದರು. ನಿನ್ನ ಯಜಮಾನರು, “ನಿಮ್ ಪದಕ್ಕೇ ಕೊಟ್ಟವ್ಳಲ್ಲ ಬೀಗ್ರೆ, ನಿಮ್ ಕಡೇಗೇ ಸೇರಿಸ್ಕಳಿ” ಎಂದರು. ಅಲ್ಲಿಗೆ ಛತ್ರವೆಲ್ಲ ನಕ್ಕಿತು. ಪುಟ್ಟರಾಜು ನಗಲಿಲ್ಲ, ನೀರು ಕುಡಿಯಲು ಹೋದರು. ಕೋಮಲ ಗಂಡನ ಭುಜಕ್ಕೆ ಹಣೆ ಒತ್ತಿಕೊಂಡಿದ್ದಳು. ಅದನ್ನು ನೀನು ನೋಡಿಲ್ಲ, ಆಗ ನೀನು ಗೋವಿಂದಮ್ಮನನ್ನೇ ನೋಡುತ್ತಿದ್ದೆ.

ನಾನು ಅವತ್ತೇ ಹೊರಟುಬಂದದ್ದಕ್ಕೆ ಕಾರಣ ಬಸ್ಸಲ್ಲ. ನಾನು ಮೂವತ್ತು ವರ್ಷ ಹಾಡಿದ್ದೇನೆ. ನನ್ನೆದುರು ಕೂತವರ ಮುಖದಲ್ಲೂ ಇದೆಲ್ಲ ನಡೆಯುತ್ತಿತ್ತೋ ಏನೋ. ಹಿಂದಕ್ಕೆ ತಿರುಗಿ ನೋಡುವುದು, ಅರ್ಧ ಎತ್ತಿದ ಕೈ, ಕಿವಿ. ಆ ಮೀಸೆ ಇಲ್ಲದವನ ಮುಖ ಜ್ಞಾಪಿಸಿಕೊಳ್ಳಲು ನೋಡಿದೆ. ಮೀಸೆ ತಿರುವಿದ ಬೆರಳು ನೆನಪಿದೆ, ಮುಖ ಇಲ್ಲ. ಅವನು ಯಾಕೆ ಬೋಳಿಸಿಕೊಂಡಿದ್ದನೋ, ಅವರ ಮನೆಯಲ್ಲಿ ಯಾರಾದರೂ ತೀರಿಹೋಗಿದ್ದರೋ.

ಇದನ್ನು ದುಃಖ ಎಂದುಕೊಳ್ಳಬೇಡ. ಗೊತ್ತಿಲ್ಲದ ಒಂದು ಕೋಣೆ ಮನೆಯಲ್ಲೇ ಇತ್ತು ಎಂದು ತಿಳಿದರೆ ಆಗುತ್ತದಲ್ಲ, ಹಾಗೆ.

ಡಾಕ್ಟರು ಯುಗಾದಿ ಕಳೆದಮೇಲೆ ಹಾಡಬಹುದು, ಮೆಲ್ಲಗೆ ಹಾಡಿ ಎಂದಿದ್ದಾರೆ. ದನಿ ಇಳಿದಿದೆ. ಹಿಂದಿನ ಸಾಲಿಗೆ ಕೇಳುವುದಿಲ್ಲ, ಕುಣಿಸುವುದಕ್ಕೂ ಆಗುವುದಿಲ್ಲ. ಅಜ್ಜೀಪುರದವರು ಏಪ್ರಿಲ್‌ನ ಮದುವೆಗೆ ಕರೆದಿದ್ದಾರೆ. ಆ ಮಹದೇವಿಯೇ ಬರುತ್ತಾಳೆ ಎಂದುಕೊಂಡು ಕರೆದಿದ್ದಾರೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಹೆದರಿಕೆ ಎಂದರೆ ಏನೆಂದು ಈ ವಯಸ್ಸಿಗೆ ಗೊತ್ತಾಗುತ್ತಿದೆ, ನಿನ್ನ ಭಾವನಿಗೆ ಹೇಳಬೇಡ.

ಮಕ್ಕಳಿಗೆ ಪರೀಕ್ಷೆ ಮುಗಿದಿರುತ್ತದೆ, ನೀನು ಬಾ. ಪಕ್ಕದಲ್ಲಿ ಕೂರಬೇಡ. ಎದುರಿಗೆ, ಬೀಗರ ಸಾಲಿನಲ್ಲಿ ಹೋಗಿ ಕೂತುಕೊ. ಅಷ್ಟು ಜನರನ್ನು ಒಟ್ಟಿಗೆ ನೋಡಲು ನನಗೆ ಬರುವುದಿಲ್ಲ. ಒಬ್ಬರಿಂದ ಶುರುಮಾಡುತ್ತೇನೆ.

ನಿನ್ನ ಅಕ್ಕ,
ಮಹದೇವಿ